ವೇರಿಕೋಸ್ ವೇನ್ಸ್ ಇದ್ದವರ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 26 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಅಂದರೆ 26 ವರ್ಷ ಕಪ್ಪು ಹಲಗೆಯ ಮುಂದೆ ನಿಂತವಳು. ಎಡಗಾಲಿನ ಮಂಡಿಯ ಒಳಬದಿಯಿಂದ ಹರಡಿನ ತನಕ ನೀಲಿ ನರ ಎರೆಹುಳದ ಹಾಗೆ ಸುತ್ತಿಕೊಂಡು ಎದ್ದಿತ್ತು. ಇದೇ ವೇರಿಕೋಸ್ ವೇನ್ಸ್. ಅದಕ್ಕೆ ಲೇಸರ್ ಆಯಿತು, ಅಂದರೆ ಕೆಟ್ಟ ನಾಳವನ್ನು ಒಳಗಿಂದ ಬಿಸಿ ಮಾಡಿ ಮುಚ್ಚುವ ಚಿಕಿತ್ಸೆ. ಬಲಗಾಲಿನದು ಸಣ್ಣದು, ಹಾಗೇ ಇದೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸೀರೆ ನೆರಿಗೆ ಒಂದು ಗೇಣು ಎತ್ತಿ ಕಾಲು ತೋರಿಸಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನಾನು ಡಾಕ್ಟರ್ ಅಲ್ಲ. ಡಾಕ್ಟರು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು, ಓದಿದ್ದು, ಮಾಡಿ ನೋಡಿದ್ದು ಇಲ್ಲಿದೆ.

ನರ ಉಬ್ಬಿದೆ. ವ್ಯಾಯಾಮ ಮಾಡಿದರೆ ಒಡೆದು ಹೋಗಲ್ವಾ?

ಇಲ್ಲ. ಎಲ್ಲರಿಗೂ ಇರುವ ಮೊದಲ ಭಯ ಇದೇ, ನನಗೂ ಇತ್ತು. ನಡೆಯುವುದರಿಂದ, ಕೈಕಾಲು ಆಡಿಸುವುದರಿಂದ ನರ ಒಡೆಯುವುದಿಲ್ಲ. ಚರ್ಮ ತೆಳ್ಳಗಾಗಿ, ಅದರ ಮೇಲೆ ಪೆಟ್ಟು ಬಿದ್ದರೆ ಅಥವಾ ಜೋರಾಗಿ ಕೆರೆದುಕೊಂಡರೆ ರಕ್ತ ಬರಬಹುದು. ಅದು ಬೇರೆ ವಿಷಯ, ಕೆಳಗೆ ಬರೆದಿದ್ದೇನೆ.

ಒಂದು ಗೊಂದಲ ಈಗಲೇ ಬಿಡಿಸಿಬಿಡೋಣ. ನಮ್ಮ ಮಾತಿನಲ್ಲಿ ರಕ್ತನಾಳಕ್ಕೂ ‘ನರ’ ಅಂತೀವಿ, ನರ್ವ್‌ಗೂ ‘ನರ’ ಅಂತೀವಿ. ಇಲ್ಲಿ ಕೆಟ್ಟಿರುವುದು ರಕ್ತನಾಳ. ‘ನರದ ಶಕ್ತಿಗೆ’ ಅಂತ ಅಂಗಡಿಯಲ್ಲಿ ಕೊಡುವ ಮಾತ್ರೆ ನುಂಗಿದರೆ ಇದಕ್ಕೆ ಏನೂ ಆಗಲ್ಲ.

ಕಾಲೇ ನೋಯುವಾಗ ಕಾಲಿಗೇ ಕೆಲಸ ಕೊಡೋದು ಹೇಗೆ ಸರಿ?

ತೋಟದ ಬಾವಿಗೆ ಪಂಪ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನ ತಳದಲ್ಲಿ ಫುಟ್‌ವಾಲ್ವ್ ಇರುತ್ತದೆ. ಮೇಲೆ ಬಂದ ನೀರನ್ನು ಅದು ಮತ್ತೆ ಬಾವಿಗೆ ಇಳಿಯಲು ಬಿಡುವುದಿಲ್ಲ. ವಾಲ್ವ್ ಸೋರಿದರೆ ಪೈಪು ಖಾಲಿ, ಪಂಪು ಸುಮ್ನೆ ಗೊರಗೊರ ಅನ್ನುತ್ತದೆ.

ಕಾಲಿನ ರಕ್ತನಾಳದಲ್ಲೂ ಇಂಥ ಪುಟ್ಟ ಪುಟ್ಟ ವಾಲ್ವ್‌ಗಳಿವೆ. ಪಾದದಿಂದ ರಕ್ತ ಎದೆಯ ತನಕ ಹತ್ತಬೇಕು, ಭೂಮಿ ಕೆಳಕ್ಕೆ ಎಳೆಯುತ್ತಿರುತ್ತದೆ. ಹತ್ತಿಸುವ ಪಂಪು ಯಾವುದು? ಮೀನಖಂಡ. ಒಂದೊಂದು ಹೆಜ್ಜೆ ಇಟ್ಟಾಗಲೂ ಮೀನಖಂಡದ ಸ್ನಾಯು ಬಿಗಿಯಾಗಿ ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲೆ ಹೋಗುತ್ತದೆ. ಚರ್ಮದ ಕೆಳಗಿನ ನಾಳದ ವಾಲ್ವ್ ಸಡಿಲಾದಾಗ ರಕ್ತ ಹಿಂದಕ್ಕೆ ಇಳಿಯುತ್ತದೆ. ನಾಳ ಹಿಗ್ಗಿ, ಸುರುಳಿ ಸುತ್ತಿ, ಹೊರಗೆ ಕಾಣುತ್ತದೆ. ಅದೇ ವೇರಿಕೋಸ್.

ಬಿಪಿ ನೋಡುವ ಅದೇ ಪಾದರಸದ ಲೆಕ್ಕದಲ್ಲಿ ಹೇಳುವುದಾದರೆ, ಅಲುಗಾಡದೆ ನಿಂತಾಗ ಹರಡಿನ ಹತ್ತಿರ ರಕ್ತನಾಳದೊಳಗಿನ ಒತ್ತಡ ಸುಮಾರು 90 ಮಿಲಿಮೀಟರ್. ಆರೋಗ್ಯವಂತ ಕಾಲಿನಲ್ಲಿ ಹತ್ತು ಹನ್ನೆರಡು ಹೆಜ್ಜೆ ಹಾಕಿದರೆ ಅದು 30ಕ್ಕಿಂತ ಕೆಳಗೆ ಬರುತ್ತದೆ. ವಾಲ್ವ್ ಕೆಟ್ಟ ಕಾಲಿನಲ್ಲಿ ಅಷ್ಟು ಇಳಿಯುವುದಿಲ್ಲ, ನಿಂತ ಕೂಡಲೇ ಬೇಗ ಏರಿಬಿಡುತ್ತದೆ. ಆದರೂ ನಡೆದಾಗ ಇಳಿಯುತ್ತದೆ. ನಮ್ಮ ಕಾಲಿಗೆ ಹಾನಿ ಮಾಡುವುದು ನಡಿಗೆಯಲ್ಲ, ನಿಂತ ಜಾಗದಲ್ಲೇ ನಿಲ್ಲುವುದು. ಎರಡು ಪೀರಿಯಡ್ ಹಲಗೆಯ ಮುಂದೆ ನಿಂತ ದಿನ ನನ್ನ ಕಾಲು ಕಲ್ಲಿನ ಹಾಗೆ ಭಾರ. ಸ್ಪೋರ್ಟ್ಸ್ ಡೇ ದಿನ ಮೈದಾನದ ತುಂಬ ಓಡಾಡಿದರೂ ಅಷ್ಟು ನೋವಿಲ್ಲ. ವರ್ಷಗಟ್ಟಲೆ ಇದು ನನಗೆ ಒಗಟಾಗಿತ್ತು.

ವ್ಯಾಯಾಮ ಮಾಡಿದರೆ ಉಬ್ಬಿದ ನರ ಮಾಯ ಆಗುತ್ತಾ?

ಆಗಲ್ಲ. ‘ಈ ಐದು ಆಸನ ಮಾಡಿ, 21 ದಿನದಲ್ಲಿ ವೇರಿಕೋಸ್ ಮಾಯ’ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಸಡಿಲಾದ ವಾಲ್ವ್ ಆಸನದಿಂದ ಬಿಗಿಯಾಗುವುದಿಲ್ಲ. ಕಾಲಿನ ಭಾರ, ಸಂಜೆಯ ಊತ, ರಾತ್ರಿಯ ಸೆಳೆತ, ಇವು ಕಡಿಮೆಯಾಗಬಹುದು. ತೂಕ ಹತೋಟಿಗೆ ಬರುತ್ತದೆ. ಹರಡಿನ ಕೀಲು ಸರಾಗವಾಗಿ ಆಡಿದರೆ ಪಂಪು ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಇಷ್ಟು ಸಾಕಾಗಿತ್ತು. ನರ ಕಾಣಬಾರದು ಅನ್ನುವವರು ಡಾಕ್ಟರ ಹತ್ತಿರ ಬೇರೆ ಚಿಕಿತ್ಸೆಯ ಮಾತಾಡಬೇಕು.

ಶುರು ಮಾಡುವ ಮೊದಲು ಡಾಕ್ಟರಿಗೆ ತೋರಿಸಲೇಬೇಕಾ?

ಬರೀ ಸಣ್ಣ ನೀಲಿ ಗೆರೆಗಳಿದ್ದು ಬೇರೇನೂ ತೊಂದರೆ ಇಲ್ಲ ಅಂದರೆ ನಡಿಗೆ ಇವತ್ತೇ ಶುರು ಮಾಡಿ. ಕಾಲು ಊದುತ್ತಿದ್ದರೆ, ಹರಡಿನ ಒಳಬದಿಯ ಚರ್ಮ ಕಂದಾಗಿ, ಗಟ್ಟಿಯಾಗಿ, ಕಡಿತ ಇದ್ದರೆ, ಗಾಯವಾಗಿ ವಾಸಿಯಾಗದೆ ಉಳಿದಿದ್ದರೆ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮೊದಲು ತೋರಿಸಿ. ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಜೆಲ್ ಹಚ್ಚಿ ನೋಡುವುದಷ್ಟೇ, ನೋವಿಲ್ಲ. ವಾಲ್ವ್ ಸೋರುವುದು ನಿಂತಾಗಲೇ ಸರಿಯಾಗಿ ಕಾಣುವುದರಿಂದ ನಿಲ್ಲಿಸಿ ನೋಡುತ್ತಾರೆ. ನನ್ನನ್ನು ಮೊದಲ ಸಲ ಒಂದು ಕಡೆ ಪೂರ್ತಿ ಮಲಗಿಸಿಯೇ ಸ್ಕ್ಯಾನ್ ಮಾಡಿ ‘ಏನೂ ಇಲ್ಲ’ ಅಂದಿದ್ದರು. ಎರಡು ವರ್ಷ ಹಾಗೇ ಕಳೆಯಿತು.

ಇನ್ನೊಂದು ವಿಷಯ, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಗಮನಿಸಿ. ನಿಂತರೆ ನೋವು, ನಡೆದರೆ ಅಥವಾ ಕಾಲು ಮೇಲಿಟ್ಟರೆ ಹಾಯೆನಿಸಿದರೆ ಅದು ವೇರಿಕೋಸ್ ಗುಣ. ಇದಕ್ಕೆ ತಲೆಕೆಳಗಾಗಿ, ಸ್ವಲ್ಪ ದೂರ ನಡೆದ ಮೇಲೆ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗುತ್ತಿದ್ದರೆ ಅದು ಕಾಲಿಗೆ ರಕ್ತ ತರುವ ಅಪಧಮನಿ ಕಟ್ಟಿಕೊಂಡಿರುವ ಲಕ್ಷಣ ಇರಬಹುದು. ಒಬ್ಬರಿಗೇ ಎರಡೂ ಇರಬಹುದು. ಹಾಗಿದ್ದಾಗ ಬಿಗಿ ಸ್ಟಾಕಿಂಗ್ಸ್ (ವೇರಿಕೋಸ್ ಇದ್ದವರು ಹಾಕುವ, ಕಾಲನ್ನು ಒತ್ತಿ ಹಿಡಿಯುವ ಉದ್ದ ಕಾಲುಚೀಲ) ಹಾಕಿದರೆ ಕಾಲಿಗೇ ಅಪಾಯ.

ಎಷ್ಟು ಹೊತ್ತು ನಡೀಬೇಕು?

ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಅನ್ನುವುದು ಎಲ್ಲರಿಗೂ ಹೇಳುವ ಲೆಕ್ಕ. ಅಭ್ಯಾಸ ಇಲ್ಲದವರು ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆಯಲಿ. ನಮ್ಮಂಥವರಿಗೆ ಅದೇ ಒಳ್ಳೆಯದು ಅಂತ ನನ್ನ ಲೆಕ್ಕ. ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆದು ಆಮೇಲೆ ಎಂಟು ಗಂಟೆ ಕೌಂಟರಿನ ಹಿಂದೆ ಕಂಬದ ಹಾಗೆ ನಿಂತರೆ ಏನು ಬಂತು?

ಮಾತಾಡಬಹುದು, ಆದರೆ ಹಾಡಲು ಆಗದು ಅನ್ನುವಷ್ಟು ವೇಗ ಸಾಕು. ಹಿಮ್ಮಡಿ ಮೊದಲು ಊರಿ, ಹೆಬ್ಬೆರಳಿನಿಂದ ನೆಲ ಒತ್ತಿ ಮುಂದೆ ಹೋಗಿ. ಕಾಲು ಎಳೆದುಕೊಂಡು ನಡೆದರೆ ಮೀನಖಂಡ ಅಷ್ಟಾಗಿ ಹಿಂಡುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಎಳೆದಾಟವೇ ಜಾಸ್ತಿ. ಹಿಂದೆ ಪಟ್ಟಿ ಇರುವ ಚಪ್ಪಲಿಯೋ ಶೂಸೋ ಹಾಕಿಕೊಳ್ಳಿ. ಹೈ ಹೀಲ್ಸ್ ಬೇಡ, ಅದರಲ್ಲಿ ಹರಡು ಆಡುವುದೇ ಇಲ್ಲ.

ಮನೆಗೆಲಸದಲ್ಲಿ ಪುರುಸೊತ್ತೇ ಇಲ್ಲ. ಏನಾದರೂ ಸುಲಭದ್ದು ಇದೆಯಾ?

ಇದೆ, ನನಗೆ ತುಂಬ ಇಷ್ಟವಾದದ್ದು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಉಕ್ಕೀತು ಅಂತ ಕಾಯುತ್ತಾ ನಿಂತಿರುತ್ತೀವಲ್ಲ, ಆಗ ಅಡುಗೆ ಕಟ್ಟೆಯ ಅಂಚಿಗೆ ಎರಡು ಬೆರಳು ತಾಗಿಸಿ. ಹಿಡಿದು ಜೋತುಬೀಳಬೇಡಿ, ಬ್ಯಾಲೆನ್ಸಿಗಷ್ಟೇ. ನಿಧಾನಕ್ಕೆ ತುದಿಗಾಲ ಮೇಲೆ ಏಳಿ, ಒಂದು, ಎರಡು ಎಣಿಸಿ. ಇಳಿಯುವಾಗ ಏಳುವುದಕ್ಕಿಂತ ನಿಧಾನ, ಒಂದು, ಎರಡು, ಮೂರು. ಹಿಮ್ಮಡಿ ದೊಪ್ಪನೆ ಬೀಳಬಾರದು. ಹಾಲು ಉಕ್ಕುವಷ್ಟರಲ್ಲಿ ನನಗೆ 20 ಆಗುತ್ತದೆ. ಮೊದಲ ವಾರ 8ಕ್ಕೇ ಮೀನಖಂಡ ನಡುಗುತ್ತಿತ್ತು. ಆಗ ಅಷ್ಟಕ್ಕೇ ನಿಲ್ಲಿಸಿದೆ, ಹಾಲೂ ಒಂದು ದಿನ ಉಕ್ಕಿಹೋಯಿತು.

ಕೂತಾಗ ಮಾಡುವುದು ಇನ್ನೂ ಸುಲಭ. ಹಿಮ್ಮಡಿ ನೆಲಕ್ಕಿಟ್ಟು ಬೆರಳು ಮೇಲೆ, ಆಮೇಲೆ ಬೆರಳು ನೆಲಕ್ಕಿಟ್ಟು ಹಿಮ್ಮಡಿ ಮೇಲೆ. ಹೊಲಿಗೆ ಯಂತ್ರ ತುಳಿದ ಹಾಗೆ. ಅವರೆಕಾಯಿ ಬಿಡಿಸುವಾಗ, ಟಿವಿ ನೋಡುವಾಗ, ಆಫೀಸಿನ ಮೇಜಿನ ಕೆಳಗೆ ಯಾರಿಗೂ ಕಾಣದ ಹಾಗೆ ಮಾಡಬಹುದು.

ನಿಂತೇ ಮಾಡುವ ಕೆಲಸ ನಮ್ಮದು. ಬಿಡೋಕಾಗಲ್ಲ.

ದೋಸೆ ಹೆಂಚಿನ ಮುಂದಿನ ಭಟ್ಟರು, ಟ್ರಾಫಿಕ್ ಪೊಲೀಸರು, ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕ್ ಮಾಡುವ ಹೆಣ್ಣುಮಕ್ಕಳು, ಕಟಿಂಗ್ ಶಾಪಿನವರು, ಮೇಷ್ಟ್ರುಗಳು, ಎಲ್ಲರ ಮಾತೂ ಇದೇ. ಕೆಲಸ ಬಿಡಿ ಅಂತ ಹೇಳುವುದು ಸುಲಭ, ಹೊಟ್ಟೆಪಾಡು ನೋಡಬೇಕಲ್ಲ. ಅರ್ಧ ಗಂಟೆಗೊಮ್ಮೆ ಹತ್ತು ಸಲ ತುದಿಗಾಲು. ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುವುದು. ಕಾಲ ಬಳಿ ಒಂದು ಇಟ್ಟಿಗೆಯೋ ಚಿಕ್ಕ ಸ್ಟೂಲೋ ಇಟ್ಟು ಒಂದೊಂದೇ ಪಾದ ಅದರ ಮೇಲೆ. ನಾನು ಪಾಠವನ್ನೇ ಬೆಂಚುಗಳ ನಡುವೆ ಓಡಾಡುತ್ತಾ ಮಾಡಲು ಶುರು ಮಾಡಿದೆ. ಹಿಂದಿನ ಬೆಂಚಿನವರಿಗೆ ಅದು ಅಷ್ಟು ಹಿಡಿಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಕಾಲು ಮೇಲಿಟ್ಟು ಕೂರಲು ಜಾಗ ಸಿಕ್ಕರೆ ಬಿಡಬೇಡಿ.

ಯೋಗದಲ್ಲಿ ಯಾವುದು ಒಳ್ಳೆಯದು, ಯಾವುದು ಬೇಡ?

ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತ ಕರಣಿ ಕೆಲಸ ಬಿಟ್ಟು ಬಂದ ಕೂಡಲೇ ಮಾಡಿ ನೋಡಿ. ಸೊಂಟ ಗೋಡೆಗೆ ಒಂದು ಗೇಣು ದೂರ, ಮಂಡಿ ಸ್ವಲ್ಪ ಸಡಿಲ, ಐದರಿಂದ ಹತ್ತು ನಿಮಿಷ. ಉಬ್ಬಿದ ನರ ಕಣ್ಣೆದುರೇ ಬರಿದಾಗಿ ಚಪ್ಪಟೆಯಾಗುವುದನ್ನು ನೋಡಬಹುದು. ಎದ್ದು ನಿಂತರೆ ಮತ್ತೆ ತುಂಬುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಸೂರ್ಯ ನಮಸ್ಕಾರದಲ್ಲಿ ಮೈಯೆಲ್ಲ ಆಡುತ್ತದೆ, ಒಳ್ಳೆಯದು. ಪವನ ಮುಕ್ತಾಸನ, ಮಲಗಿ ಸೈಕಲ್ ತುಳಿದಂತೆ ಕಾಲು ಆಡಿಸುವುದು, ಇವೂ ಸರಿ. ಸರ್ವಾಂಗಾಸನ ಬಿಪಿ, ಗ್ಲಾಕೋಮಾ, ಕುತ್ತಿಗೆ ನೋವು ಇದ್ದವರಿಗೆ ಬೇಡ. ಅದರ ಬದಲು ಗೋಡೆ ಇದೆಯಲ್ಲ.

ವಜ್ರಾಸನ, ಪದ್ಮಾಸನ ಕೆಟ್ಟದ್ದೇನಲ್ಲ. ಆದರೆ ಮಂಡಿ ಮಡಚಿ ಅರ್ಧ ಗಂಟೆ ಅಲುಗಾಡದೆ ಕೂರುವುದು ನಮಗೆ ಹಿಡಿಸದು. ಭಜನೆಗೆ ಚಕ್ಕಳಮಕ್ಕಳ ಹಾಕಿ ಕೂತಾಗಲೂ ಅಷ್ಟೇ. ಜೋಮು ಹಿಡಿಯುವ ಮೊದಲೇ ಕಾಲು ಚಾಚಿ. ವೀರಭದ್ರಾಸನದಂಥ ನಿಂತು ಮಾಡುವ ಆಸನದಲ್ಲಿ ಐದಾರು ಉಸಿರಿಗಿಂತ ಜಾಸ್ತಿ ನಿಲ್ಲಬೇಡಿ.

ಜಿಮ್ಮಿಗೆ ಹೋಗಬಹುದಾ? ಭಾರ ಎತ್ತಬಹುದಾ?

ಹೋಗಬಹುದು. ಕಿತಾಪತಿ ಇರುವುದು ಭಾರಕ್ಕಿಂತ ಉಸಿರಿನಲ್ಲಿ. ಉಸಿರು ಬಿಗಿಹಿಡಿದು ಮುಕ್ಕರಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಕಾಲಿನಿಂದ ಮೇಲೆ ಬರುವ ರಕ್ತಕ್ಕೆ ದಾರಿ ಕಟ್ಟುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮುಕ್ಕರಿಯದೆ 12ರಿಂದ 15 ಸಲ ಎತ್ತಲು ಆಗುವಷ್ಟೇ ಭಾರ ಇಟ್ಟುಕೊಳ್ಳಿ. ಭಾರ ಹೊತ್ತು ಬಸ್ಕಿ, ಡೆಡ್‌ಲಿಫ್ಟ್ ಮಾಡುವವರು ಒಮ್ಮೆ ಡಾಕ್ಟರಿಗೆ ಹೇಳಿ ಮಾಡಿ. ಸೆಟ್ ಮುಗಿದ ಮೇಲೆ ಫೋನ್ ಹಿಡಿದು ನಿಲ್ಲಬೇಡಿ, ಓಡಾಡಿ. ಬರಿಗೈ ಬಸ್ಕಿ ಎಲ್ಲರೂ ಹೊಡೆಯಬಹುದು, ಆದರೆ ಕುಕ್ಕರುಗಾಲಲ್ಲಿ ಕೂತೇ ಇರಬೇಡಿ.

ಜಿಮ್ಮಿಗೆ ಹೆದರುವವರು ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಎತ್ತುತ್ತಾರೆ. ಅದರಲ್ಲಿ ಗ್ಯಾಸೇ 14.2 ಕೆ.ಜಿ., ಡಬ್ಬಿಯ ತೂಕ ಬೇರೆ. ಅಲ್ಲೂ ಉಸಿರಿನ ನಿಯಮ ಅದೇ. ಮಲಬದ್ಧತೆ ಇದ್ದವರು ದಿನಾ ಬೆಳಿಗ್ಗೆ ಮುಕ್ಕರಿಯುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡಿ.

ಓಟ, ಸೈಕಲ್, ಈಜು, ಸ್ಕಿಪ್ಪಿಂಗ್?

ಈಜು ಎಲ್ಲಕ್ಕಿಂತ ಹಿತ, ನೀರೇ ಸುತ್ತಲಿಂದ ಕಾಲನ್ನು ಒತ್ತುತ್ತದೆ. ಈಜು ಬಾರದವರು ಎದೆಮಟ್ಟದ ನೀರಿನಲ್ಲಿ ನಡೆದರೂ ಆಯಿತು. ಹುಣ್ಣು ಇದ್ದರೆ ನೀರಿಗೆ ಇಳಿಯಬೇಡಿ. ಸೈಕಲ್ ಚೆನ್ನಾಗಿದೆ. ಓಟ ಮೊದಲಿಂದ ಅಭ್ಯಾಸ ಇದ್ದರೆ ನಿಲ್ಲಿಸಬೇಕಿಲ್ಲ, ಡಾಂಬರಿಗಿಂತ ಮಣ್ಣಿನ ಹಾದಿ ಮೇಲು. ಸ್ಕಿಪ್ಪಿಂಗ್, ಜುಂಬಾ ಮಾಡಿ ನೋಡಿ. ಮಾರನೇ ದಿನ ಕಾಲು ಏನು ಹೇಳುತ್ತದೋ ಅದನ್ನು ಕೇಳಿ.

ಸ್ಟಾಕಿಂಗ್ಸ್ ಹಾಕಿಕೊಂಡೇ ವ್ಯಾಯಾಮ ಮಾಡಬೇಕಾ?

ಕಡ್ಡಾಯವಲ್ಲ. ಹಾಕಿಕೊಂಡರೆ ಕಾಲು ಹಗುರ ಅನ್ನಿಸುವವರು ಹಾಕಿಕೊಳ್ಳಲಿ. ನನ್ನದು ಕ್ಲಾಸ್ 2, ಅಂದರೆ ಹರಡಿನ ಹತ್ತಿರ 23ರಿಂದ 32 ಮಿ.ಮೀ. ಒತ್ತಡ. ಯಾವುದು ಬೇಕು ಅಂತ ಡಾಕ್ಟರು ಹೇಳಲಿ, ಅಳತೆ ಕೊಟ್ಟೇ ಕೊಳ್ಳಿ. ಮೆಡಿಕಲ್ ಶಾಪಿನವನು ಅಂದಾಜಿಗೆ ಕೊಟ್ಟ ‘ಮೀಡಿಯಂ’ ನನ್ನ ಮಂಡಿಯ ಕೆಳಗೆ ಸುರುಳಿ ಸುತ್ತಿ ಹಗ್ಗ ಕಟ್ಟಿದ ಹಾಗಾಗಿತ್ತು. ಅಂಥ ಮಡಿಕೆಯಿಂದ ಉಪಕಾರಕ್ಕಿಂತ ಅಪಕಾರವೇ.

ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ಹೇಳುವ ನೈಸ್ (NICE) ಸಂಸ್ಥೆಯ 2013ರ ಮಾರ್ಗಸೂಚಿ ಲೇಸರ್‌ನಂಥ ಚಿಕಿತ್ಸೆ ಆಗದವರಿಗೆ ಮಾತ್ರ ಸ್ಟಾಕಿಂಗ್ಸನ್ನು ಚಿಕಿತ್ಸೆಯಾಗಿ ಕೊಡಿ ಅನ್ನುತ್ತದೆ. ಹಗುರದಿಂದ ಸಾಧಾರಣ ವ್ಯಾಯಾಮವನ್ನಂತೂ ಎಲ್ಲರಿಗೂ ಹೇಳಿ ಅನ್ನುತ್ತದೆ.

ಹಾಕುವುದೇ ಒಂದು ವ್ಯಾಯಾಮ. ಎದ್ದ ಕೂಡಲೇ, ಕಾಲು ಊದುವ ಮೊದಲು ಹಾಕಬೇಕು. ಬೆರಳು ತೆರೆದಿರುವ ಬಗೆಯದ್ದಾದರೆ ಪಾದಕ್ಕೆ ಮೊದಲು ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಸ್ಟಾಕಿಂಗ್ ಎಳೆಯಿರಿ. ಸರ್ರನೆ ಜಾರುತ್ತದೆ. ಆಮೇಲೆ ಬೆರಳಿನ ಕಡೆಯಿಂದ ಕವರನ್ನು ಎಳೆದು ತೆಗೆಯಿರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕಾಲಿಗೆ ಹಾಕಬೇಡಿ, ಎಲಾಸ್ಟಿಕ್ ಹಾಳಾಗುತ್ತದೆ. ಮಲಗುವಾಗ ತೆಗೆಯಿರಿ.

ವ್ಯಾಯಾಮ ಮುಗಿದ ಮೇಲೆ ನರ ಇನ್ನೂ ದಪ್ಪ ಕಾಣುತ್ತೆ. ಕೆಟ್ಟದಾಯಿತಾ?

ಇಲ್ಲ. ಮೈ ಬಿಸಿಯಾದಾಗ ಎಲ್ಲರ ನರವೂ ಹಿಗ್ಗುತ್ತದೆ. ಸ್ವಲ್ಪ ಹೊತ್ತು ಕಾಲು ಮೇಲಿಟ್ಟರೆ ಇಳಿಯುತ್ತದೆ. ಕೂಡಲೇ ಸುಡುನೀರು ಸುರಿದುಕೊಳ್ಳಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಕಾಲಿಗೆ ಎರಡು ಚೊಂಬು ತಣ್ಣೀರು. ಉಬ್ಬಿದ ನರದ ಮೇಲೆ ಒತ್ತಿ ಒತ್ತಿ ಎಣ್ಣೆ ತಿಕ್ಕಿಸಿಕೊಳ್ಳುವುದೂ ಬೇಡ.

ಬಸುರಿಯರು ಏನು ಮಾಡಬೇಕು?

ಆ ದಿನಗಳಲ್ಲಿ ನರ ಉಬ್ಬುವುದು ಮಾಮೂಲು, ಹೆರಿಗೆಯಾದ ಕೆಲವು ತಿಂಗಳಲ್ಲಿ ಎಷ್ಟೋ ಕಡಿಮೆಯಾಗುತ್ತದೆ. ನಡಿಗೆ, ಹರಡು ಆಡಿಸುವುದು, ಎಡಮಗ್ಗುಲಾಗಿ ಮಲಗುವುದು. ನಾಲ್ಕೈದು ತಿಂಗಳಾದ ಮೇಲೆ ಅಂಗಾತ ಮಲಗಿ ಜಾಸ್ತಿ ಹೊತ್ತು ವ್ಯಾಯಾಮ ಬೇಡ, ಗೋಡೆಗೆ ಕಾಲು ಚಾಚುವುದೂ ಬೇಡ. ದಿಂಬಿಗೆ ಒರಗಿ, ಕಾಲು ಸ್ಟೂಲಿನ ಮೇಲಿಟ್ಟು ಕೂತರೆ ಸಾಕು. ಬಾಣಂತನದಲ್ಲಿ ತಿಂಗಳುಗಟ್ಟಲೆ ಮಂಚ ಬಿಟ್ಟು ಇಳಿಯಬಾರದು ಅನ್ನುವ ಅಜ್ಜಿಯರ ಜೊತೆ ಇಲ್ಲಿ ನನ್ನ ಜಗಳ ಇದೆ. ಹೆರಿಗೆಯಾದ ಮೇಲಿನ ವಾರಗಳಲ್ಲೇ ಕಾಲಿನ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಡಾಕ್ಟರು ಓಡಾಡಿ ಅಂದರೆ ಮನೆಯೊಳಗಾದರೂ ಓಡಾಡಬೇಕು.

ಲೇಸರ್ ಆದ ಮೇಲೆ ಯಾವಾಗಿನಿಂದ?

ಅವತ್ತಿನಿಂದಲೇ ನಡಿಗೆ. ನನ್ನನ್ನು ಟೇಬಲಿನಿಂದ ಇಳಿಸಿ, ಸ್ಟಾಕಿಂಗ್ ಹಾಕಿಸಿ, ಕಾರಿಡಾರಿನಲ್ಲಿ ಅರ್ಧ ಗಂಟೆ ನಡೆಸಿದರು. ಮನೆಗೆ ಬಂದ ಮೇಲೆ ನೆಂಟರೆಲ್ಲ ‘ಆಪರೇಷನ್ ಆಗಿದೆ, ಮಲಗಮ್ಮ’ ಅಂದಿದ್ದೇ ಅಂದಿದ್ದು. ಭಾರ ಎತ್ತುವುದು, ಜಿಮ್, ಓಟ ಸಾಮಾನ್ಯವಾಗಿ ಒಂದೆರಡು ವಾರ ಬೇಡ. ಈಜು ಗಾಯ ಪೂರ್ತಿ ಮಾಗಿದ ಮೇಲೆ. ನಿಮ್ಮ ಡಾಕ್ಟರ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಕೊನೆಯ ಮಾತು. ‘ಒಂದು ನರ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತೆ?’ ಅಂತಲೂ ಕೇಳುತ್ತಾರೆ. ಕಾಲಿನ ರಕ್ತದಲ್ಲಿ ಹತ್ತಿರ ಹತ್ತಿರ ನೂರಕ್ಕೆ 90 ಪಾಲು ಒಳಗಿನ ದೊಡ್ಡ ನಾಳಗಳಿಂದಲೇ ಮೇಲೆ ಹೋಗುತ್ತದೆ. ಮುಚ್ಚುವುದು ಹೊರಗಿನ ಸೋರುವ ನಾಳವನ್ನು.

ರಾತ್ರಿ ಬಸ್ಸಿನಲ್ಲಿ ದೂರ ಹೋಗಬೇಕು.

ಗಂಟೆಗೊಮ್ಮೆ, ಮೇಲೆ ಹೇಳಿದಂತೆ ಹೊಲಿಗೆ ಯಂತ್ರ ತುಳಿದ ಹಾಗೆ ಪಾದ ಆಡಿಸಿ, ಊಟಕ್ಕೆ ಬಸ್ ನಿಂತಾಗ ಇಳಿದು ನಡೆಯಿರಿ, ನೀರು ಕುಡಿಯಿರಿ. ಬಸ್ಸಿನಲ್ಲಿ ಬಾತ್‌ರೂಮ್ ಇಲ್ಲ ಅಂತ ನೀರೇ ಬಿಡುವುದು ನಮ್ಮ ಹೆಂಗಸರ ಹಳೇ ಚಾಳಿ.

ಯಾವಾಗ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು?

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅವತ್ತೇ ಹೋಗಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಬೇಡಿ, ವ್ಯಾಯಾಮ ಬೇಡ. ಜೊತೆಗೆ ಉಸಿರು ಸಿಕ್ಕಿಕೊಂಡರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಉಬ್ಬಿದ ನರ ಕೆಂಪಾಗಿ, ಹಗ್ಗದಂತೆ ಗಟ್ಟಿಯಾಗಿ, ಮುಟ್ಟಿದರೆ ನೋವಾದರೆ ಒಂದೆರಡು ದಿನದೊಳಗೆ ತೋರಿಸಿ.

ನರದಿಂದ ರಕ್ತ ಬಂದರೆ?

ನೋಡಲು ಗಾಬರಿ, ಬಚ್ಚಲೆಲ್ಲ ಕೆಂಪಾಗುತ್ತದೆ. ನಿಂತೇ ಇರುವುದು ದೊಡ್ಡ ತಪ್ಪು. ಇದ್ದಲ್ಲೇ ಮಲಗಿ, ಕಾಲನ್ನು ಎದೆಗಿಂತ ಮೇಲೆತ್ತಿ, ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಮೇಲೆ ಹಗ್ಗ, ಟವೆಲ್ ಬಿಗಿಯಬೇಡಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ. ರಕ್ತ ನಿಂತ ಮೇಲೂ ಡಾಕ್ಟರಿಗೆ ತೋರಿಸಬೇಕು, ನಿಲ್ಲದಿದ್ದರೆ 108.

ಮಂಡಿ ನೋವೂ ಇದೆ, ಮಳೆಗಾಲ ಬೇರೆ. ಹೊರಗೆ ನಡೆಯೋದು ಹೇಗೆ?

ನಾವು ಮಲೆನಾಡಿನವರು, ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಗೋಳು. ನಮ್ಮ ಜಗಲಿ ಈ ತುದಿಯಿಂದ ಆ ತುದಿಗೆ 14 ಹೆಜ್ಜೆ. ಒಂದು ಬಟ್ಟಲಲ್ಲಿ 20 ಹುಣಸೆಬೀಜ ಇಟ್ಟುಕೊಂಡು, ಒಂದು ಸುತ್ತಿಗೆ ಒಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತೇನೆ. ಬೀಜ ಮುಗಿದರೆ ಒಂದು ಪಾಳಿ ಮುಗಿಯಿತು. ದಿನಕ್ಕೆ ನಾಲ್ಕು ಪಾಳಿ. ಮಂಡಿ ಜಾಸ್ತಿ ನೋಯುವ ದಿನ ಕುರ್ಚಿಯಲ್ಲಿ ಕೂತು ಹರಡು ಆಡಿಸುತ್ತೇನೆ, ಒಂದೊಂದೇ ಕಾಲು ನೇರ ಚಾಚಿ ಐದು ಎಣಿಸಿ ಇಳಿಸುತ್ತೇನೆ. ಮೊಮ್ಮಗ ಬಂದರೆ ಮಾತ್ರ ಕಷ್ಟ. ಅವನು ಹುಣಸೆಬೀಜವನ್ನು ವಾಪಸು ಹಳೇ ಬಟ್ಟಲಿಗೇ ಹಾಕಿಬಿಡುತ್ತಾನೆ.